ಗೆರೆ ಕಾಯುವ ನಗಾರಿ

ಬಂಡೆಯೊಂದರ ಮೇಲೆ ಒಂದು ಪಟ್ಟಣವಿತ್ತು. ಅದರ ನೆತ್ತಿಯಲ್ಲಿ ಕಲ್ಲಿನ ಕಂಬಗಳ ಮೇಲೆ ನಿಲ್ಲಿಸಿದ ಊರ ಕಣಜ, ಕಂಬಗಳ ನಡುವೆ ಕುಡಿಯುವ ನೀರಿನ ಚಿಲುಮೆ, ಚಿಲುಮೆಯ ಪಕ್ಕದಲ್ಲಿ ಯಜಮಾನಿಯ ಮನೆ. ಊರನ್ನು ಆಳುವವರು ಕಣಜದ ಅಡಿಯಲ್ಲೇ ವಾಸಿಸಬೇಕೆಂದು ಹಿಂದಿನವರು ಕಟ್ಟುಪಾಡು ಮಾಡಿದ್ದರು. ತಲೆಯ ಮೇಲೆ ಏನಿದೆ ಎಂಬುದನ್ನು ಆಳುವವರು ಮರೆಯಬಾರದು ಎಂಬುದು ಅವರ ಉದ್ದೇಶ. ಉದ್ದೇಶವೇನೋ ಈಡೇರಿತ್ತು. ಯಜಮಾನಿ ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದುದು ಕಂಬಗಳ ಬಿರುಕನ್ನು.

ಕಣಜ ಅತಿಯಾಗಿ ತುಂಬಿತ್ತು. ಭಾರಕ್ಕೆ ಕಂಬಗಳು ಬಿರಿಯುತ್ತಿದ್ದವು. ಅಡಿಯ ಧಾನ್ಯ ಕೊಳೆತು ರಸ ಜಿನುಗಿ ಚಿಲುಮೆಯ ನೀರು ಸಿಹಿಯಾಗತೊಡಗಿತ್ತು. ಮೊದಮೊದಲು ಮಕ್ಕಳು ಖುಷಿಪಟ್ಟರು, ಇರುವೆಗಳೂ ಖುಷಿಪಟ್ಟವು. ಆಮೇಲೆ ಆ ನೀರು ಹಾಯಿಸಿದ ಗಿಡಗಳ ತುದಿ ಕಪ್ಪಾಯಿತು, ಅದನ್ನು ಕುಡಿದವರ ಕಣ್ಣು ಮಂಜಾಯಿತು. ಕಂಬ ಕುಸಿದರೆ ಮೊದಲು ಹೋಗುವುದು ಯಜಮಾನಿಯ ಮನೆ, ನಂತರ ಚಿಲುಮೆ, ನಂತರ ಊರು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಾದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ನಂಬುವವರು ಎಲ್ಲ ಊರಲ್ಲೂ ಇರುತ್ತಾರೆ.

ಅಂಥವರಲ್ಲಿ ಹೊಳೆಯಾಚೆಯ ಊರಿನ ಗೌಡ ಮುಖ್ಯನಾದವನು. ಅವನ ಊರಿನ ಕಣಜ ತೆಳ್ಳಗಿತ್ತು, ಕಂಬಗಳು ನೆಟ್ಟಗಿದ್ದವು. ಪ್ರತಿ ಸುಗ್ಗಿ ಮುಗಿದ ಮೇಲೆ ಅವನು ಹೊಳೆ ದಾಟಿ ಬಂದು, ಬಿರಿದ ಕಂಬಕ್ಕೆ ಒರಗದಂತೆ ಎಚ್ಚರವಹಿಸಿ ನಿಂತು, ಭಾಷಣ ಮಾಡುತ್ತಿದ್ದ.

"ಒಳಗೆ ಬಿಡೋ ಬಂಡಿ ಕಡಿಮೆ ಮಾಡಿ. ಇದ್ದದ್ದನ್ನ ಖರ್ಚು ಮಾಡಿ. ಇದಕ್ಕೇನು ದೊಡ್ಡ ವಿದ್ಯೆ ಬೇಕಾಗಿಲ್ಲ. ಮನಸ್ಸು ಬೇಕು, ಅಷ್ಟೇ."

ಜನ ಚಪ್ಪಾಳೆ ತಟ್ಟಿ ಯಜಮಾನಿಯ ಕಡೆ ನೋಡುತ್ತಿದ್ದರು. ಅವಳು ಹೆಬ್ಬಾಗಿಲು ಮುಚ್ಚಿಸುತ್ತಿದ್ದಳು.

ಮನಸ್ಸು ಅವಳಿಗೆ ಕಡಿಮೆಯಿರಲಿಲ್ಲ. ಬಾಗಿಲ ಮುಂದೆ ತಾನೇ ಕೂತು ಬಂಡಿಗಳನ್ನು ವಾಪಸು ಕಳಿಸುತ್ತಿದ್ದಳು. ಕಣಜ ಇಳಿಯುತ್ತಿತ್ತು. ಕಂಬಗಳು ಉಸಿರು ಬಿಟ್ಟಂತೆ ಕಾಣುತ್ತಿದ್ದವು. ಊರು ಅವಳನ್ನು ಹೊಗಳಲು ಶುರುಮಾಡಿದ ಹೊತ್ತಿಗೆ ಸರಿಯಾಗಿ ಬುರುಜಿನ ಮೇಲೆ ನಗಾರಿ ಮೊಳಗುತ್ತಿತ್ತು.

ನಗಾರಿಯ ಕತೆ ಹಳೆಯದು. ಒಂದಾನೊಂದು ಕಾಲದ ಬರದಲ್ಲಿ ಅರ್ಧ ಊರು ಸತ್ತಿತ್ತು. ಉಳಿದವರು ಎರಡು ಹುದ್ದೆ ಮಾಡಿದರು. ಬುರುಜಿನ ಮೇಲೆ ನಗಾರಿಯವನು. ಕಣಜ ಎಲ್ಲಿಯವರೆಗೆ ತುಂಬಿತ್ತೋ ಅಲ್ಲಿ ಗೋಡೆಗೆ ಉಳಿಯಿಂದ ಒಂದು ಗೆರೆ ಕೊರೆಯಬೇಕು. ಧಾನ್ಯ ಆ ಗೆರೆಗಿಂತ ಇಳಿದರೆ ಅವನು ಬಾರಿಸಬೇಕು. ಊರಿನ ಕೊನೆಯ ಓಣಿಯಲ್ಲಿ ಕೊಂಬಿನವನು. ಧಾನ್ಯ ಅಲ್ಲಿಗೆ ತಲುಪಿದಾಗ ಅವನು ಕೊಂಬು ಊದಬೇಕು. ಕೊನೆಯ ಮನೆಗೂ ಮುಟ್ಟಿತು, ಸಾಕು, ಎಂದು ಅದರ ಅರ್ಥ. ಅದು ಕೇಳಿದರೆ ನಗಾರಿಯವನು ಕೋಲು ಕೆಳಗಿಡಬೇಕು.

ಕಣಜ ಏರಿದಾಗಲೆಲ್ಲ ಹೊಸ ಗೆರೆ ಕೊರೆಯಲಾಗುತ್ತಿತ್ತು. ಇಳಿದಾಗ ಯಾರೂ ಗೆರೆ ಅಳಿಸುತ್ತಿರಲಿಲ್ಲ. ಗೆರೆ ಅಳಿಸುವುದೆಂದರೆ ಬರದಲ್ಲಿ ಸತ್ತವರನ್ನು ಮರೆತಂತೆ. ಹೀಗಾಗಿ ಗೆರೆಗೆ ಒಂದೇ ದಿಕ್ಕು ಗೊತ್ತಿತ್ತು.

ನಗಾರಿ ಮೊಳಗಿದರೆ ಊರು ಪಾಲಿಸಲೇಬೇಕು. ಬೀಸುಕಲ್ಲು ನಿಧಾನವಾಗುತ್ತಿತ್ತು, ಕುಲುಮೆ ಆರುತ್ತಿತ್ತು, ಎಲ್ಲರೂ ಕಾಳು ಉಳಿಸಲು ಕೈಕಾಲು ಆಡಿಸದೆ ಕೂರುತ್ತಿದ್ದರು. ಕೂತವರಿಗೆ ಊಟದ ಹೊರತು ಬೇರೆ ಯೋಚನೆ ಬರುತ್ತಿರಲಿಲ್ಲ. ಹಗಲೂ ರಾತ್ರಿ ಅದೇ ಸದ್ದು. ಕೊನೆಗೆ ಬಾಗಿಲು ಕಾಯುವವರ ಕೈ ತಾನಾಗಿ ಅಗುಳಿಗೆ ಹೋಗುತ್ತಿತ್ತು. ಕಣಜ ಮತ್ತೆ ತುಂಬುತ್ತಿತ್ತು, ಹಿಂದಿನದಕ್ಕಿಂತ ಸ್ವಲ್ಪ ಮೇಲಕ್ಕೇ. ಉಳಿ ಹಿಡಿದವನು ಹೊಸ ಗೆರೆ ಕೊರೆಯುತ್ತಿದ್ದ. ಮುಂದಿನ ಸುಗ್ಗಿಗೆ ಗೌಡ ಬರುತ್ತಿದ್ದ.

ಒಂದು ಸಲ ಯಜಮಾನಿ ಬುರುಜು ಹತ್ತಿದಳು.

"ಏನಪ್ಪಾ, ಕಣಜ ಹೊಟ್ಟೆ ಬಿರಿಯೋ ಹಾಗೆ ತುಂಬಿದೆ. ಸ್ವಲ್ಪ ಇಳಿದರೆ ಯಾಕೆ ಹೀಗೆ ಬಡ್ಕೋತೀಯ? ಕೆಳಗೆ ಕಂಬ ಸೀಳ್ತಿದೆ, ನೋಡಬಾರದೇ?"

"ಇಲ್ಲಿಂದ ಕಂಬ ಕಾಣಲ್ಲ ತಾಯಿ," ಎಂದ ನಗಾರಿಯವನು. "ಗೆರೆ ಕಾಣುತ್ತೆ."

"ನಾನು ಹೇಳ್ತಿದ್ದೀನಲ್ಲ, ಬರ ಬಂದಿಲ್ಲ ಅಂತ."

"ಬರ ಬಂದಾಗಲೂ ಯಜಮಾನರು ಹಾಗೇ ಹೇಳಿದ್ರಂತೆ."

"ನಿನ್ನ ಪಡಿ ನಿಲ್ಲಿಸ್ತೀನಿ."

ನಗಾರಿಯವನ ಮುಖದಲ್ಲಿ ನಿಜವಾದ ಆತಂಕ ಮೂಡಿತು. "ಪಡಿ ನಿಂತರೆ ಬರ ಬಂತು ಅಂತ ಖಾತ್ರಿ ಆಯ್ತಲ್ಲ ತಾಯಿ. ಆಗ ಎರಡೂ ಕೈಯಲ್ಲಿ ಬಾರಿಸ್ತೀನಿ."

ಅವಳು ಇಳಿದು ಬಂದಳು. ಅವನು ದುಷ್ಟನಾಗಿದ್ದರೆ ಕೆಲಸ ಸುಲಭವಿತ್ತು. ಅವನು ನಿಷ್ಠಾವಂತ.

ಆ ವರ್ಷ ಒಂದು ಕಂಬದ ಚಕ್ಕೆ ಎದ್ದು ಯಜಮಾನಿಯ ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಅವಳು ದೂರದ ಊರಿಂದ ಒಬ್ಬ ಶಿಲ್ಪಿಯನ್ನು ಕರೆಸಿದಳು. ಬಂದವಳು ದೊಡ್ಡ ಗುರುಕುಲದಲ್ಲಿ ಕಲಿತು, ಹಲವು ಊರುಗಳಲ್ಲಿ ಕಲ್ಲು ಕೊಯ್ದು ಹೆಸರಾದ ಹೆಂಗಸು. ಅವಳಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು, ಇತರರ ಬಗ್ಗೆ ಅಷ್ಟಿರಲಿಲ್ಲ. ಒಂದು ಹಗಲು ಊರೆಲ್ಲ ಸುತ್ತಿ ಬಂದು ಹೇಳಿದಳು:

"ನೀವು ಇಷ್ಟು ವರ್ಷ ಬಾಗಿಲ ಜೊತೆ ಗುದ್ದಾಡಿದ್ದೀರಿ. ತಕರಾರು ಇರೋದು ಬುರುಜಿನ ಮೇಲೆ."

"ಅವನ ಹತ್ತಿರ ಮಾತಾಡಿ ಆಯ್ತು."

"ಅವನಿಗೆ ಮಾತು ತಿಳಿಯಲ್ಲ. ಕೊಂಬು ತಿಳಿಯುತ್ತೆ. ನಿಮ್ಮ ಕೊಂಬು ಕೊನೆಯದಾಗಿ ಯಾವಾಗ ಕೇಳಿಸಿತ್ತು?"

ಯಜಮಾನಿಗೆ ನೆನಪಾಗಲಿಲ್ಲ. ಬಂಡಿಗಳೆಲ್ಲ ನೆತ್ತಿಯ ದೊಡ್ಡ ಅಂಗಳದಲ್ಲಿ ಕಾಳು ಇಳಿಸುತ್ತಿದ್ದವು. ಅಲ್ಲಿಂದ ಧಾನ್ಯ ಬೀದಿ ಬೀದಿ ಸುತ್ತಿ ಕೊನೆಯ ಓಣಿಗೆ ತಲುಪುವಷ್ಟರಲ್ಲಿ ಉಳಿಯುತ್ತಿದ್ದುದು ಒಂದು ಹಿಡಿ. ಕೊಂಬಿನವನು ಅದನ್ನು ನೋಡಿ, ಊದಿದರೂ ಊದದಿದ್ದರೂ ಒಂದೇ ಎಂಬಂತೆ ಊದುತ್ತಿದ್ದ. ಬುರುಜಿನವರೆಗೆ ಅದು ಏರುತ್ತಿರಲಿಲ್ಲ.

ಶಿಲ್ಪಿಯ ಯೋಜನೆ ಚಿಕ್ಕದು. ಅಂಗಳದ ಬಹುಭಾಗವನ್ನು ಕೊಯ್ದು ಗೋಡೆ ಎಬ್ಬಿಸುವುದು. ಉಳಿದ ಚಿಕ್ಕ ಜಾಗದಿಂದ ಕೊನೆಯ ಓಣಿಗೆ ನೇರ ದಾರಿ ಕಡಿಯುವುದು.

"ಅಪಾಯ ಇಲ್ಲವೇ?" ಎಂದು ಯಜಮಾನಿ ಕೇಳಿದಳು.

"ಇದೆ. ಕೊಯ್ದ ಕಡೆ ಗೋಡೆಯಿಂದ ಕಾಳು ಸೋರಬಹುದು. ಅಪರೂಪ, ಆದರೆ ಸೋರಿದ ಊರುಗಳಿವೆ. ಆಮೇಲೆ ಬಾಳೆಲ್ಲ ಚಿಕ್ಕ ಬಂಡಿಯೇ. ಕಾಳು ಆರಿಸಿ ತರಬೇಕು. ಉಪ್ಪು, ಬೆಲ್ಲ, ಎಣ್ಣೆ ಹೊಸ ದಾರಿಯಲ್ಲಿ ಜಾರಿಹೋಗುತ್ತೆ, ಬೇಕಾದ್ದನ್ನ ಬೇರೆ ಹೊತ್ತು ತಂದು ಕೊಡಬೇಕು. ನಾನು ಊರು ಉದ್ಧಾರ ಮಾಡಲ್ಲ. ಅವನಿಗೆ ಕೇಳಿಸೋದನ್ನ ಬದಲಾಯಿಸ್ತೀನಿ, ಅಷ್ಟೇ."

"ಗ್ಯಾರಂಟಿ?"

"ನಾನು ಕೊಡಲ್ಲ. ಕಂಬಗಳು ಕೊಡ್ತಿವೆ, ಅದನ್ನ ಇಟ್ಕೊಳ್ಳಿ."

ಹಿರಿಯರು ಸಭೆ ಸೇರಿದರು. ಗೌಡನೂ ಹೊಳೆ ದಾಟಿ ಬಂದ. "ಇದು ಅಡ್ಡದಾರಿ," ಎಂದ. "ಮನಸ್ಸು ಗಟ್ಟಿ ಇಲ್ಲದವರು ಕಲ್ಲು ಕೊಯ್ಯೋಕೆ ಹೋಗ್ತಾರೆ."

ಯಜಮಾನಿ ಎದ್ದು ನಿಂತಳು. "ಗೌಡರೇ, ಇವತ್ತು ನನ್ನ ಮನೆಯಲ್ಲಿ ಮಲಗಿ. ಹಾಸಿಗೆ ಅಡುಗೆಮನೆಯಲ್ಲೇ ಹಾಕಿಸ್ತೀನಿ. ಬೆಳಿಗ್ಗೆ ಮನಸ್ಸಿನ ವಿಚಾರ ಮಾತಾಡೋಣ."

ಗೌಡನಿಗೆ ಊರಲ್ಲಿ ತುರ್ತು ಕೆಲಸವಿರುವುದು ನೆನಪಾಯಿತು.

ಕೆಲಸ ಮುಗಿದ ಮೇಲೆ ಮೊದಲು ತಿಳಿಯಾದದ್ದು ಚಿಲುಮೆ. ಕಣಜ ಇನ್ನೂ ಹೆಚ್ಚೇನೂ ಇಳಿದಿರಲಿಲ್ಲ. ಅಷ್ಟರಲ್ಲೇ ನೀರಿನ ಸಿಹಿ ಹೋಗಿತ್ತು, ಇರುವೆಗಳು ಬೇರೆಡೆ ಹೊರಟಿದ್ದವು. ಯಾಕೆಂದು ಶಿಲ್ಪಿಯನ್ನು ಕೇಳಿದಾಗ ಅವಳು, ಅದು ತನಗೂ ಪೂರ್ತಿ ಗೊತ್ತಿಲ್ಲವೆಂದಳು. ಅವಳು ಹಾಗೆ ಹೇಳಿದ್ದು ಅದೊಂದೇ ಸಲ.

ನಂತರ ಕಣಜ ಇಳಿಯತೊಡಗಿತು. ಎಲ್ಲಕ್ಕಿಂತ ಮೇಲಿನ ಗೆರೆಗಿಂತ ಕೆಳಗೆ ಹೋಯಿತು. ಊರು ಉಸಿರು ಬಿಗಿಹಿಡಿದು ಬುರುಜಿನ ಕಡೆ ನೋಡಿತು. ನಗಾರಿಯವನು ಗೆರೆ ನೋಡಿದ, ಕೋಲು ಎತ್ತಿದ. ಆಗ ಕೊನೆಯ ಓಣಿಯಲ್ಲಿ ಕೊಂಬು ಊದಿತು. ಅಂಗಳದಲ್ಲಿ ಇಳಿದ ಚಿಕ್ಕ ಬಂಡಿಯ ಕಾಳು ನೇರವಾಗಿ ಅಲ್ಲಿಗೇ ಹೋಗಿ ಬಿದ್ದಿತ್ತು, ಕೊಂಬಿನವನು ಜೀವಮಾನದಲ್ಲೇ ಅಷ್ಟು ಕಾಳು ಕಂಡವನಲ್ಲ. ಅವನು ಎದೆಯುಬ್ಬಿಸಿ ಊದಿದ. ನಗಾರಿಯವನು ಗೆರೆ ನೋಡಿದ, ಕೊಂಬು ಕೇಳಿದ, ಕೋಲು ಕೆಳಗಿಟ್ಟ.

"ಕಾಳು ಗೆರೆಗಿಂತ ಕೆಳಗಿದೆ ತಾಯಿ," ಎಂದು ಅವನು ಯಜಮಾನಿಗೆ ಬಂದು ತಿಳಿಸಿದ. "ಆದರೆ ಕೊನೆ ಮನೆಗೂ ಮುಟ್ಟಿದ ಮೇಲೆ ಬರ ಅಂತ ಹೇಗೆ ಬಾರಿಸಲಿ?"

ಬೀಸುಕಲ್ಲು ನಿಲ್ಲಲಿಲ್ಲ, ಕುಲುಮೆ ಆರಲಿಲ್ಲ. ಅದೇ ಬಾಗಿಲು, ಅದೇ ಅಗುಳಿ, ಅದೇ ಕಾವಲಿನವರು. ಯಜಮಾನಿಯ ಮನಸ್ಸೂ ಮೊದಲಿಗಿಂತ ಗಟ್ಟಿಯಾಗಿರಲಿಲ್ಲ. ಮೊದಲೂ ಅದು ಗಟ್ಟಿಯೇ ಇತ್ತು. ಈಗ ಯಾರೂ ಅದನ್ನು ಹಗಲಿರುಳು ಬಡಿಯುತ್ತಿರಲಿಲ್ಲ.

ಗೌಡ ಮಾತ್ರ ಒಪ್ಪಲಿಲ್ಲ. "ಅದು ಗೆಲುವಲ್ಲ, ಕಲ್ಲುಕೆಲಸ," ಎಂದು ತನ್ನ ಊರಿನ ನೆಟ್ಟಗಿನ ಕಂಬಗಳಿಗೆ ಒರಗಿ ಹೇಳುತ್ತಿದ್ದ. ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಅವನ ಬುರುಜಿನ ಮುದುಕ ನಗಾರಿಯವನಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ಗೆರೆ ಅವನಿಗೆ ಯಾವತ್ತೂ ಕಂಡೇ ಇರಲಿಲ್ಲ. ಹಬ್ಬಕ್ಕೊಮ್ಮೆ ಮರ್ಯಾದೆಗೆಂದು ಬಾರಿಸಿ ಸುಮ್ಮನಾಗುತ್ತಿದ್ದ.

ಆ ಮುದುಕ ಸತ್ತ. ಅವನ ಜಾಗಕ್ಕೆ ಹದ್ದಿನ ಕಣ್ಣಿನವನೊಬ್ಬ ಬಂದ.

ಕೆಲವು ಸುಗ್ಗಿಗಳು ಕಳೆದ ಮೇಲೆ, ಬೀದಿಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ, ಗೌಡ ಯಜಮಾನಿಯ ಹಿತ್ತಿಲ ಬಾಗಿಲು ತಟ್ಟಿದ. ಮುಖ ಬಾಡಿತ್ತು. ಒಳಗೆ ಬಂದವನು ಮೊದಲು ಮಾಡು ನೋಡಿದ.

"ಬಾಗಿಲು ಮುಚ್ಚಿಸಿದೆ ಅಮ್ಮಾ. ನಾನೇ ಕಾವಲು ಕೂತೆ. ಮತ್ತೆ ಮತ್ತೆ ಕೂತೆ. ಆದರೆ ಆ ಸದ್ದು..."

"ಗೊತ್ತು," ಎಂದಳು ಯಜಮಾನಿ.

ಹೇಳಬೇಕೆಂದಿದ್ದರೆ ಅವನದೇ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅವನೂ ಅದಕ್ಕೇ ಕಾದು ತಲೆ ತಗ್ಗಿಸಿದ್ದ. ಅವಳು ಶಿಲ್ಪಿಯ ಊರಿಗೆ ಯಾವ ದಾರಿ ಹಿಡಿಯಬೇಕೆಂದು ಹೇಳಿದಳು.

"ನಾನು ಚಿಲುಮೆ ನೋಡೋಕೆ ಬಂದಿದ್ದೆ ಅಂತ ಹೇಳಿಬಿಡಿ," ಎಂದ ಗೌಡ.

"ಹಾಗೇ ಆಗಲಿ. ನೀರು ಕುಡ್ಕೊಂಡು ಹೋಗಿ. ಈಗ ಸಪ್ಪೆಯಾಗಿದೆ."

ಮುಂದೊಂದು ಸುಗ್ಗಿಗೆ ಗೌಡ ತನ್ನ ಊರಿನಲ್ಲೇ ದೊಡ್ಡ ಸಭೆ ಕರೆದ. ಸುತ್ತಲಿನ ಊರುಗಳ ಯಜಮಾನರೆಲ್ಲ ಬಂದರು. ಕಣಜ ಮತ್ತೆ ತೆಳ್ಳಗಾಗಿತ್ತು, ಕಂಬಗಳು ನೆಟ್ಟಗಿದ್ದವು. ಅಂಗಳದ ಹೊಸ ಗೋಡೆ ಕಾಣದಂತೆ ಉದ್ದಕ್ಕೂ ಮಾವಿನ ತೋರಣ ಇಳಿಬಿಟ್ಟಿದ್ದರು. ಗೌಡ ಬಿದ್ದವನು ಹೇಗೆ ಎದ್ದೆನೆಂದು ಹೇಳಿದ. ಕೊನೆಗೆ ಬಲಗೈ ಎತ್ತಿದ.

"ಮನಸ್ಸು ಬೇಕು, ಅಷ್ಟೇ."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಯಜಮಾನಿಯ ಪಕ್ಕ, ಬೆಟ್ಟದಾಚೆಯ ಊರನ್ನು ಆಳುವ ಒಬ್ಬ ಹೆಂಗಸು ಕೂತಿದ್ದಳು. ಅವಳ ಸೆರಗಿನ ಮೇಲೆ ಕಂಬದಿಂದ ಉದುರಿದ ಕಲ್ಲುಪುಡಿ ಇನ್ನೂ ಅಂಟಿಕೊಂಡಿತ್ತು. ಅವಳು ಕಣ್ಣೊರೆಸಿಕೊಂಡು ಪಿಸುಗುಟ್ಟಿದಳು:

"ನನಗೇ ಮನಸ್ಸು ಸಾಲದು ಅಕ್ಕಾ. ಹೀಗೆ ಮುಚ್ಚಿಸ್ತೀನಿ, ಹಾಗೆ ತೆಗೆಸ್ತೀನಿ. ನೋಡಿ, ಇಂಥವರೂ ಇದ್ದಾರೆ."

ಯಜಮಾನಿ ಅವಳ ಭುಜ ಮುಟ್ಟಿ, ಗೌಡನ ತಲೆಯ ಮೇಲಿಂದ ಬುರುಜಿನ ಕಡೆ ಕಣ್ಸನ್ನೆ ಮಾಡಿದಳು.

ಅಲ್ಲಿ ನಗಾರಿಯ ಮೇಲೆ ಯಾರೋ ಹಪ್ಪಳ ಒಣಗಿಸಿದ್ದರು.