ಬಾವಿಯ ದಂಡೆಯಲ್ಲಿ ಸಕ್ರವ್ವ

ಸುತ್ತಿದ ಹತ್ತಿಯಿಂದ ಕೂಸಿನ ಒಂದು ಕಾಲು ಹೊರಬಿದ್ದಿದೆ, ತನ್ನ ಹೆಬ್ಬೆರಳಿನಷ್ಟೇ ದಪ್ಪ, ಚರ್ಮ ಸಡಿಲ, ದೊಡ್ಡವರ ಅಂಗಿ ತೊಟ್ಟಂತೆ — ಇವಳು ನನ್ನ ಮಗಳು ಎಂದು ಖಂಡಪ್ಪ ಮತ್ತೊಮ್ಮೆ ತನಗೆ ತಾನೇ ಹೇಳಿಕೊಂಡ, ತಿಂಗಳು ತುಂಬಿಯೇ ಹುಟ್ಟಿದವಳು, ಮತ್ತೆ ಯಾಕಿಷ್ಟು ಸಣ್ಣವಳು, ವಿಜಾಪುರದ ಈ ದವಾಖಾನೆಯ ಡಾಕ್ಟರಬಾಯಿ ಬೆಳಿಗ್ಗೆ ಕೇಳಿದ್ದೂ ಅದನ್ನೇ, ಹೊಟ್ಟಿಗೆ ಕಡಿಮಿ ಮಾಡಿದ್ರೇನು, ಇಲ್ಲರಿ, ಹಾಲು ಮೊಸರು ಎಲ್ಲಾ ಇತ್ರಿ, ಜಡ್ಡು ಬಂದಿತ್ತೇನು, ಇಲ್ಲರಿ, ಮತ್ತ ಅಂಜಿಕಿ — ಆಗ ಮಂಚದ ಮೇಲಿದ್ದ ಹೆಂಡತಿ ಸಕ್ರವ್ವ ಗೋಡೆಯ ಕಡೆ ಹೊರಳಿದ್ದಳು. ದಿನಾ ಅಂಜಿದ್ರ ತಾಯಿ ರಕ್ತದಾಗ ಒಂದ್ ನಮೂನಿ ರಸ ಏರತದ, ಹೊಟ್ಟ್ಯಾಗಿನ ಕೂಸು ಬೆಳಿಯೂದು ಕುಂದತದ ಅಂತ ಈಗೀಗ ಹೇಳಾಕತ್ತಾರ, ಖಾತ್ರಿ ಅಂತ ನಾ ಹೇಳಾಂಗಿಲ್ಲ ಎಂದಿದ್ದಳು ಡಾಕ್ಟರಬಾಯಿ. ಖಂಡಪ್ಪನಿಗೆ ಖಾತ್ರಿಯಿತ್ತು. ಜೈನಾಪುರದ ಹೊಲ, ತೋಡುತ್ತಿದ್ದ ಬಾವಿಯ ತಳದಲ್ಲಿ ಕರಿಕಲ್ಲು, ಕಲ್ಲೊಡೆಯುವ ಮದ್ದಿನ ಬತ್ತಿಗೆ ಬೆಂಕಿ ತಾಗಿಸಿ ತಾನು ಹಗ್ಗ ಹಿಡಿದು ಕೂಗುವುದು, ದಂಡೆಯ ಮೇಲೆ ಅವಳು ಎತ್ತು ಹೊಡೆದು ತನ್ನನ್ನು ಮೇಲೆಳೆಯುವುದು, ಆಮೇಲೆ ನೆಲವೇ ನಡುಗುವಂಥ ಸದ್ದು, ಚಳಿಗಾಲ ಮುಗಿದು ಬೇಸಗೆ ಬಂದರೂ ಇದೇ, ಅವಳ ಹೊಟ್ಟೆ ಕಾಣತೊಡಗಿದ ಮೇಲೂ ಇದೇ. ಎತ್ತು ಹೊಡಿಯಾಕ ಅಮೋಘಿ ಮಾವಗ ಹೇಳ್ರಿ, ನನ್ನ ಕೈಕಾಲು ನಡಗತಾವ ಎಂದಿದ್ದಳು, ಒಂದು ಸಲವಲ್ಲ, ಪಕ್ಕದ ಹೊಲದ ಅಮೋಘಿಯೂ ತಾನಾಗಿಯೇ ಬಂದು ನಿಂತಿದ್ದ, ಮತ್ತೆ ತಾನು — ನಿನ್ನ ಬಿಟ್ಟು ಯಾರ ಕೈಯಾಗೂ ನನ್ನ ಜೀವ ಕೊಡಾಂಗಿಲ್ಲ — ಅದನ್ನು ಪ್ರೀತಿಯೆಂದೇ ತಿಳಿದಿದ್ದ, ಹೇಳಿ ಎದೆಯುಬ್ಬಿಸಿಕೊಂಡಿದ್ದ, ಅವಳು ಬಾರುಕೋಲು ಎತ್ತಿಕೊಂಡಿದ್ದಳು. ಒಂದು ದಿನ ಎಡದ ಎತ್ತು ಮುಗ್ಗರಿಸಿ ನಿಂತಿತು, ತಾನು ಅರ್ಧದಲ್ಲಿ ತೂಗಾಡುತ್ತ, ಕೆಳಗೆ ಬತ್ತಿ ಸುರುಗುಡುತ್ತ, ಮೇಲೆ ಅವಳು ಎತ್ತಿಗೆ ಯಪ್ಪಾ ನಡಿಯೋ, ನಡಿಯೋ ಯಪ್ಪಾ ಎಂದು ಅಂಗಲಾಚುವ ದನಿ. ಬದುಕಿ ಮೇಲೆ ಬಂದವನು ನಕ್ಕಿದ್ದ, ನಕ್ಕು ಮರುದಿನವೂ ಇಳಿದಿದ್ದ. ಕಡೆಗೆ ಬಾವಿಗೆ ನೀರು ಬಿತ್ತು, ಊರಿಗೆಲ್ಲ ಸಕ್ಕರೆ ಹಂಚಿದ, ಅವಳ ಅಂಗೈಗೂ ಒಂದು ಚಿಟಿಕೆ ಹಾಕಿದ, ಅವಳು ತಿಂದಳೋ ಇಲ್ಲವೋ, ನೋಡಲಿಲ್ಲ, ಯಾಕೆ ನೋಡಲಿಲ್ಲ — ಹೊರಗೆ ಯಾರೋ ಕಬ್ಬಿಣದ ತಟ್ಟೆ ಕೆಡವಿದರು. ಕೂಸು ಬೆಚ್ಚಿ ಎರಡೂ ತೋಳು ಚೆಲ್ಲಿ ಸಣ್ಣಗೆ ಅತ್ತಿತು, ಅವನು ಅದರತ್ತ ಬಾಗಿದ, ಸಕ್ರವ್ವ ಕಣ್ಣು ತೆರೆಯಲಿಲ್ಲ, ನಿದ್ದೆಯಲ್ಲೇ ಅವಳ ಎರಡೂ ಕೈ ಸರಕ್ಕನೆ ಹೊಟ್ಟೆಯನ್ನು ತಬ್ಬಿದವು, ಈಗ ಯಾರೂ ಇಲ್ಲದ ಹೊಟ್ಟೆಯನ್ನು, ಬೆರಳಿಗೆ ಬೆರಳು ಹೆಣೆದು, ಬಿಗಿಯಾಗಿ, ಇನ್ನೂ ಬಿಗಿಯಾಗಿ.