ಜರಡಿತಲೆ

ಕಿಟಕಿಯ ಗಾಜಿಗೆ ಒಂದು ಎಕ್ಸ್-ರೇ ಒರಗಿ ನಿಂತಿದೆ. ಬೆಳಗಿನ ಬೆಳಕು ಹಿಂದಿನಿಂದ ಬಂದು, ಅದರೊಳಗಿನ ತಲೆಬುರುಡೆಯನ್ನು ಮಸುಕು ಬೂದಿಬಣ್ಣದಲ್ಲಿ ಬರೆದಿದೆ. ಬಲಗಿವಿಯ ಮೇಲೆ ಅಂಗೈಯಗಲದಷ್ಟು ಮಾತ್ರ ಮೂಳೆಯಿಲ್ಲ. ಅಲ್ಲಿ ಸಣ್ಣ ಸಣ್ಣ ಕಣ್ಣುಗಳ ಬಿಳಿಯ ಬಲೆ, ಅಂಚಿನಲ್ಲಿ ಪುಟ್ಟ ತಿರುಪುಗಳು. ಗಾಜಿನಾಚೆ ಬೀದಿ, ಬೀದಿಯಾಚೆ ಜರಡಿ ನೇಯುವ ಕಾರ್ಖಾನೆಯ ಬಾಗಿಲು.

ಎಕ್ಸ್-ರೇ ಅವಳದು. ಅಣ್ಣ ಅದನ್ನು ತೆಗೆದು ಒಳಗಿಡುತ್ತಿದ್ದ. ಅವಳು ಮತ್ತೆ ತಂದು ಅಲ್ಲೇ ನಿಲ್ಲಿಸುತ್ತಿದ್ದಳು. ಅಣ್ಣ ನಡೆಸುವ ಆ ಕಾರ್ಖಾನೆಯ ತಂತಿಮಗ್ಗವೂ ಅವಳದೇ ಆಗಿತ್ತು. ಅಲ್ಲಿನ ಅಟ್ಟದಿಂದ ತಂತಿಯ ಸುರುಳಿ ಜಾರಿ ತಲೆಗೆ ಬಿದ್ದ ಮೇಲೆ ಅಣ್ಣ ಅವಳನ್ನು ಮನೆಯ ಹೊಸ್ತಿಲು ದಾಟಗೊಟ್ಟಿರಲಿಲ್ಲ. ಒಡೆದ ಮೂಳೆಯ ಜಾಗದಲ್ಲಿ ವೈದ್ಯರು ಟೈಟಾನಿಯಂ ಜಾಲರಿ ಕೂರಿಸಿದ್ದರು. ಹಗುರ, ತುಕ್ಕು ಹಿಡಿಯದು, ಮೈ ಅದನ್ನು ಪರಕೀಯವೆಂದು ತಳ್ಳದು ಎಂದಿದ್ದರು. ಅಣ್ಣ ಎಲ್ಲಕ್ಕೂ ತಲೆಯಾಡಿಸಿ, ಮನೆಗೆ ಬಂದು ತನ್ನ ತೀರ್ಪು ಕೊಟ್ಟ: ಲೋಹ ಲೋಹವೇ. ಕಾರ್ಖಾನೆಯ ನೆಲದಲ್ಲಿ ಚೆಲ್ಲಿದ ಕಬ್ಬಿಣದ ಚೂರುಗಳನ್ನು ಹೆಕ್ಕುವ ಸೂಜಿಗಲ್ಲು ನಾಳೆ ಅವಳ ತಲೆಯನ್ನೂ ಎಳೆದೀತು. ಅಂದಿನಿಂದ ಆ ಕಲ್ಲನ್ನು, ಚಪ್ಪಲಿ ಬಿಟ್ಟಂತೆ, ಹೊರಗಿನ ಗೂಡಿನಲ್ಲಿ ಬಿಟ್ಟು ಒಳಬರುತ್ತಿದ್ದ.

ಅಂದು ತಿಂಡಿಯ ಹೊತ್ತಿಗೆ, ಅವಳ ಮಗ್ಗಕ್ಕೆ ಹೊಸಬನನ್ನು ಗೊತ್ತುಮಾಡಿರುವುದಾಗಿ ಹೇಳಿದ. ತಟ್ಟೆಯಿಂದ ಕಣ್ಣೆತ್ತಲಿಲ್ಲ.

"ನನ್ನನ್ನ ಒಂದು ಮಾತು ಕೇಳಿದ್ಯಾ, ಅಣ್ಣ?"

"ತಲೆ ನೆಟ್ಟಗಿರೋರನ್ನ ಕೇಳ್ಬಹುದು ಕಣೇ. ನಿಂದೀಗ ಜರಡಿ."

ತಮಾಷೆಗೆಂದು ಆಡಿದ ಮಾತು. ದನಿ ಮಾತ್ರ ನಡುಗಿತು. ಆ ಸುರುಳಿಯನ್ನು ಅಟ್ಟದ ಅಂಚಿನಲ್ಲಿಟ್ಟವನು ಅವನೇ.

"ಹೌದು, ಜರಡೀನೇ," ಎಂದಳು. "ಜಾಲರೀಲಿ ಕಣ್ಣಿದ್ರೇನೇ ಅದರೊಳಗೆ ಮಾಂಸ ಬೆಳೆದು ಹಿಡ್ಕೊಳ್ಳೋದು ಅಂದ್ರು ಡಾಕ್ಟ್ರು. ಅದು ಹಿಡ್ಕೊಂಡಾಯ್ತು. ಇನ್ನು ನೀನು ಬಿಡು."

ಎದ್ದು ಹೋಗಿ ಗೂಡಿನ ಸೂಜಿಗಲ್ಲನ್ನು ತಂದಳು. ಅದರ ಮೈತುಂಬ ತಂತಿಯ ಚೂರುಗಳು ಮುಳ್ಳುಹಂದಿಯ ಮುಳ್ಳುಗಳಂತೆ ನೆಟ್ಟಗೆ ನಿಂತಿದ್ದವು. ಅಣ್ಣ ಎಂಜಲುಗೈಯಲ್ಲೇ ಎದ್ದ. ಅವಳು ತಲೆವಸ್ತ್ರ ಕಿತ್ತು ಕುರ್ಚಿಗೆಸೆದು, ಕಲ್ಲಿನ ಒಂದು ಬದಿಯನ್ನು ಒರೆಸಿ, ಕೂದಲು ಆಗಷ್ಟೇ ಮೊಳೆಯುತ್ತಿದ್ದ ಬಲಗಡೆಗೆ ಒತ್ತಿ ಹಿಡಿದಳು. ಆಮೇಲೆ ಕೈ ಬಿಟ್ಟಳು.

ಅದು ಭುಜಕ್ಕೆ ತಾಗಿ ಠಣ್ಣನೆ ನೆಲಕ್ಕೆ ಬಿತ್ತು. ಉರುಳಿ ಹೋಗಿ ಮೇಜಿನ ಕಬ್ಬಿಣದ ಕಾಲಿಗೆ ಅಂಟಿಕೊಂಡಿತು.

ಅಣ್ಣ ಆ ಕಾಲನ್ನೇ ನೋಡುತ್ತ ನಿಂತ. ಮೊದಲು ನಕ್ಕವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ.

"ಇನ್ಮೇಲೆ ಮೇಜನ್ನ ಹೊಸ್ತಿಲು ದಾಟೋಕೆ ಬಿಡ್ಬೇಡಿ ರೀ."

ಅವನು ನಗಲಿಲ್ಲ. "ಮತ್ತೆ ಏನಾದ್ರೂ ಬಿದ್ರೆ?" ಎಂದು ಕೇಳಿದ, ತನಗೇ ಎಂಬಂತೆ.

"ತಡೆ ಅಟ್ಟಕ್ಕೆ ಕಟ್ಟು ಅಣ್ಣ. ನನಗಲ್ಲ."

ಗೋಡೆಯ ಮೊಳೆಯಿಂದ ಕಾರ್ಖಾನೆಯ ಬೀಗದಕೈ ತೆಗೆದುಕೊಂಡಳು. ತಲೆವಸ್ತ್ರ ಕುರ್ಚಿಯ ಮೇಲೇ ಉಳಿಯಿತು. ಅವಳ ಹಿಂದೆ ಬಾಗಿಲು ಮುಚ್ಚಿಕೊಂಡಿತು; ಆ ಅದುರಾಟಕ್ಕೆ ಎಕ್ಸ್-ರೇ ಕಿಟಕಿಯಿಂದ ಮೆಲ್ಲನೆ ಜಾರಿತು.