ನ್ಯಾಮತಿ ಸುತ್ತಿ ಹೋಗುವ ಬಸ್ಸು

ಚನ್ನಗಿರಿಯ ಆ ಓಣಿಯಲ್ಲಿ ಬರೀ ರುದ್ರಾಣಿ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ರುದ್ರಾಣಿ ಅನ್ನಬೇಕು. ಅವಳ ವಾರಗೆಯ ಹೆಂಗಸರಲ್ಲಿ ಹತ್ತನೆಯ ತರಗತಿ ದಾಟಿದವಳು ಅವಳೊಬ್ಬಳೇ. ದಾಟಿದ್ದು ಮೂರನೆಯ ಸಲಕ್ಕೆ, ಗಣಿತದಲ್ಲಿ ಅಂಚಿಗೆ ಬಂದು ನಿಂತು ಪಾಸಾದದ್ದು ಅನ್ನುವುದೆಲ್ಲ ಓಣಿಗೆ ಬೇಡದ ವಿಷಯ. ಬ್ಯಾಂಕಿನ ಚಲನ್ ತುಂಬಿಸುವುದಕ್ಕೆ, ಮಾತ್ರೆ ಡಬ್ಬಿಯ ಮೇಲಿನ ಇಂಗ್ಲಿಷ್ ಓದಿಸುವುದಕ್ಕೆ ಜನ ಅವಳ ಜಗುಲಿಗೇ ಬರುತ್ತಿದ್ದರು. ಅವಳು ಕೈಗೆಲಸ ಬದಿಗಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದುತ್ತಿದ್ದಳು. ಆ ಹೊತ್ತಿನಲ್ಲಿ ಅವಳ ಮುಖ ನೋಡಬೇಕಿತ್ತು, ತಹಸೀಲ್ದಾರರೂ ಅಷ್ಟು ಬಿಗಿಯಾಗಿ ಕೂರುವುದಿಲ್ಲ.

ಎದುರು ಮನೆಯ ಶಾಂತಾದೇವಿ ಅವಳ ಜೀವದ ಗೆಳತಿ. ಇಬ್ಬರೂ ತ್ಯಾವಣಿಗೆಯವರು, ಒಂದೇ ಬೆಂಚಿನಲ್ಲಿ ಕೂತವರು, ಮದುವೆಯಾಗಿ ಬಂದು ಸೇರಿದ್ದೂ ಒಂದೇ ಓಣಿಗೆ. ಒಬ್ಬರ ಮನೆಯ ಸಾರು ಇನ್ನೊಬ್ಬರ ಮನೆಯ ಅನ್ನಕ್ಕೆ ಬೀಳದ ದಿನವಿರಲಿಲ್ಲ. ಶಾಂತಾದೇವಿ ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದಳು. ಅವ್ವ ಹಾಸಿಗೆ ಹಿಡಿದಿದ್ದಳು, ತಮ್ಮಂದಿರು ಚಿಕ್ಕವರು, ಒಲೆ ಮುಂದೆ ಇನ್ಯಾರು ಕೂರಬೇಕು? ಆ ಏಳನೆಯ ತರಗತಿಯಲ್ಲಿ ಮೊದಲು ಬರುತ್ತಿದ್ದವಳು ಯಾರು, ಯಾರ ಲೆಕ್ಕ ನೋಡಿ ಯಾರು ಬರೆದುಕೊಳ್ಳುತ್ತಿದ್ದರು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಶಾಂತಾದೇವಿ ಅದನ್ನು ಒಂದು ದಿನವೂ ಆಡಿ ತೋರಿಸಿದವಳಲ್ಲ. ಬ್ಯಾಂಕು, ಆಸ್ಪತ್ರೆ, ಬಸ್ ಸ್ಟ್ಯಾಂಡು, ಎಲ್ಲಿಗೆ ಹೋದರೂ 'ನೀನೇ ನೋಡೇ ರುದ್ರಿ, ನೀನು ಓದಿದೋಳು' ಎಂದು ಹಿಂದೆ ನಿಲ್ಲುತ್ತಿದ್ದಳು. ರುದ್ರಾಣಿಯ ಗೆಳೆತನ ನಿಂತಿದ್ದದ್ದು ಆ ಮಾತಿನ ಮೇಲೆ.

ಹಾಗಿರುವಾಗ ಶಾಂತಾದೇವಿಯ ಮಗನಿಗೆ ಜಗಳೂರಿನಿಂದ ಹೆಣ್ಣು ತಂದರು. ರೂಪಶ್ರೀ ಬಿ.ಎಡ್. ಮಾಡಿದ ಹುಡುಗಿ, ಬಂದ ವರ್ಷವೇ ಊರಿನ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡಲು ಸೇರಿದಳು. ಒಂದು ಸಂಜೆ ಶಾಲೆಯ ಮಕ್ಕಳ ಲೆಕ್ಕಗಳನ್ನು ಜಗುಲಿಯಲ್ಲಿ ತಿದ್ದುತ್ತಾ ಕೂತಿದ್ದಾಗ, ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅತ್ತೆ ಪಕ್ಕದಿಂದ ಇಣುಕಿ, 'ಇದು ತಪ್ಪೈತೆ ನೋಡೇ, ಚಿಹ್ನೆ ಬದಲಾಗ್ಬೇಕಿತ್ತಲ್ಲ' ಎಂದಳಂತೆ. ಸೊಸೆ ಅಲ್ಲೇ ಪಟ್ಟು ಹಿಡಿದಳು. ಅತ್ತೆ ಖಾಸಗಿಯಾಗಿ ಕಟ್ಟಿ ಎಸ್ಸೆಸ್ಸೆಲ್ಸಿ ಬರೆಯಲೇಬೇಕು ಅಂದಳು.

ಸುದ್ದಿ ಕೇಳಿದಾಗ ರುದ್ರಾಣಿ ಮೊದಲು ನಕ್ಕಳು.

"ಈ ವಯಸ್ಸಿನಾಗೆ ಪಾಸಾಗಿ ಏನ್ ಮಾಡ್ತೀಯೇ?"

"ಪಾಸಾಗ್ತೀನಿ," ಎಂದಳು ಶಾಂತಾದೇವಿ. "ಅರ್ಧಕ್ಕೆ ಬಿಟ್ಟಿದ್ದು ಕಣೇ. ಕೈಗೆ ಮೆತ್ತಿದ ಹಿಟ್ಟು ಒಣಗಿದಂಗೆ ಆಗೈತೆ. ತೊಳ್ಕಬೇಕು."

ಆಮೇಲೆ ರುದ್ರಾಣಿಗೆ ನಗು ಬರಲಿಲ್ಲ. ದಿನಾ ಸಂಜೆ ಎದುರು ಜಗುಲಿಯಲ್ಲಿ ಅತ್ತೆ ಸೊಸೆ ತಲೆಗೆ ತಲೆ ತಾಗಿಸಿ ಕೂರುವುದು, ಲೆಕ್ಕ ಬಂದರೆ ಚಪ್ಪಾಳೆ ಹೊಡೆದು ನಗುವುದು ಶುರುವಾಯಿತು. ಅತ್ತೆ ಸೊಸೆ ಜಗಳವಾಡಿದ್ದರೆ ಅವಳು ಎರಡೂ ಕಡೆಗೆ ಸಮಾಧಾನ ಹೇಳಿ ಬರುತ್ತಿದ್ದಳು, ಅದು ಗೊತ್ತಿದ್ದ ಕೆಲಸ. ಹೀಗೆ ನಕ್ಕರೆ ಏನು ಮಾಡುವುದು? ತನ್ನ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಾ, ಕಲ್ಲಿನ ಜೊತೆ ಅಕ್ಕಿಯನ್ನೂ ಬಿಸಾಡುತ್ತಾ, ಅವಳು ಅತ್ತಲೇ ನೋಡುತ್ತಿದ್ದಳು. ಮೂವತ್ತು ವರ್ಷ ಓಣಿಗೆಲ್ಲ ಓದಿ ಹೇಳಿದವಳು ತಾನು. 'ನನಗೂ ಒಂಚೂರು ಹೇಳಿಕೊಡೇ' ಎಂದು ಒಂದು ಮಾತು ಕೇಳಿದಳೇ ಇವಳು? ನಿನ್ನೆ ಮೊನ್ನೆ ಬಂದ ಹುಡುಗಿ ಹೆಚ್ಚಾದಳು. ಕೇಳಿದ್ದರೆ ಹೇಳಿಕೊಡಲು ತನಗೆ ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅದು ನೆನಪಾದಾಗ ಹೊಟ್ಟೆಕಿಚ್ಚು ಇನ್ನೂ ಒಂದು ಪಾಲು ಹೆಚ್ಚುತ್ತಿತ್ತು.

ಅಡಿಕೆ ಮಂಡಿಯಿಂದ ಬಂದ ಗಂಡ ನಾಗರಾಜಪ್ಪ ಉರಿಯುವ ಗಾಯಕ್ಕೆ ಉಪ್ಪು ಸವರಿದ. "ಶಾಂತಕ್ಕ ಫಸ್ಟ್ ಕ್ಲಾಸಿನಾಗೆ ಬರ್ತಾಳೆ ನೋಡು. ಇನ್ನು ಮ್ಯಾಲೆ ಓಣಿ ಜನ ಆ ಬಾಗ್ಲಿಗೇ ಹೋಗ್ತಾರೆ, ನಿನಗೂ ಪುರುಸೊತ್ತು ಆಗ್ತೈತೆ."

ಆ ರಾತ್ರಿ ಅವನಿಗೆ ಬಿಸಿ ಸಾರು ಸಿಗಲಿಲ್ಲ.

ಪರೀಕ್ಷಾ ಕೇಂದ್ರ ಹೊನ್ನಾಳಿಯಲ್ಲಿ ಬಿತ್ತು. ರೂಪಶ್ರೀಗೆ ಶಾಲೆ ಬಿಟ್ಟು ಹೋಗುವಂತಿರಲಿಲ್ಲ. "ಅತ್ತೆ ಜೊತಿಗೆ ನೀವೇ ಹೋಗ್ಬೇಕ್ರೀ. ನೀವಿದ್ರೆ ಅವ್ರಿಗೆ ಧೈರ್ಯ" ಎಂದು ಅವಳು ರುದ್ರಾಣಿಯನ್ನು ಕೇಳಿಕೊಂಡಳು. ಧೈರ್ಯ ಎನ್ನುವ ಮಾತಿಗೆ ರುದ್ರಾಣಿ ಕರಗಿದಳು. ಕನ್ನಡದ ದಿನವೂ ಸಮಾಜದ ದಿನವೂ ಮೊಸರನ್ನದ ಡಬ್ಬಿ ಹಿಡಿದು ಜೊತೆಗೆ ಹೋದಳು. ಖಾಸಗಿ ಬಸ್ಸಿನಲ್ಲಿ ನೇರ ಹೊನ್ನಾಳಿ. ಶಾಲೆಯ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಕೂತು ಕಾದಳು.

ಎರಡೂ ದಿನ ಶಾಂತಾದೇವಿ ಹೊರಬಂದಾಗ ಅವಳ ಸುತ್ತ ಐದಾರು ಹೆಂಗಸರಿದ್ದರು. 'ಅಕ್ಕಾ ಆ ನಕ್ಷೆ ಪ್ರಶ್ನೆಗೆ ಏನ್ ಬರೆದ್ರಿ?' 'ಅಕ್ಕಾ ಅದು ಹೆಂಗ್ರೀ?' ಶಾಂತಾದೇವಿ ನಿಂತು ಎಲ್ಲರಿಗೂ ಹೇಳುತ್ತಿದ್ದಳು. ರುದ್ರಾಣಿ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದಳು. ಒಬ್ಬಳು ಅವಳ ಕಡೆ ತಿರುಗಿ, "ನೀವು ಓದಿಲ್ವೇನ್ರೀ? ಮುಂದಿನ ವರ್ಷ ನೀವೂ ಕಟ್ರಿ, ನಾಚ್ಕೋಬ್ಯಾಡ್ರಿ" ಎಂದುಬಿಟ್ಟಳು. ಶಾಂತಾದೇವಿ ತಕ್ಷಣ "ಅಯ್ಯೋ, ಇವ್ಳು ಯಾವಾಗ್ಲೋ ಪಾಸು" ಎಂದಳು ನಿಜ. ಆದರೆ ಬಿದ್ದ ಮಾತು ಬಿದ್ದಾಗಿತ್ತು.

ಗಣಿತದ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ ಆ ಮಾತು ರುದ್ರಾಣಿಯ ಹೊಟ್ಟೆಯಲ್ಲಿ ಹಾಗೇ ಇತ್ತು. ಶಾಂತಾದೇವಿ ಕಣ್ಣು ಮುಚ್ಚಿ ಸೂತ್ರ ಗುಣುಗುಟ್ಟುತ್ತಿದ್ದಳು. ನೇರ ಹೋಗುವ ಖಾಸಗಿ ಬಸ್ಸು ಬಂದು ಹಾರ್ನು ಹೊಡೆಯಿತು.

ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲೆ ಈ ಸೀಮೆಯ ಹೆಂಗಸರು ಕಲಿತ ಒಂದು ಅಭ್ಯಾಸವಿದೆ. ಎದುರಿಗೆ ಖಾಲಿ ಖಾಸಗಿ ಬಸ್ಸು ನಿಂತಿದ್ದರೂ ಹತ್ತುವುದಿಲ್ಲ. ಆಧಾರ್ ಕಾರ್ಡು ಕೈಯಲ್ಲಿ ಹಿಡಿದು, ಬಿಸಿಲಿಗೆ ಸೆರಗು ಹೊದ್ದು, ಕೆಂಪು ಬಸ್ಸಿಗೆ ಕಾಯುತ್ತಾರೆ. ಯಾರೂ ಅದನ್ನು ತಪ್ಪು ಅನ್ನುವಂತಿಲ್ಲ. ರುದ್ರಾಣಿಗೆ ಅದೇ ಅನುಕೂಲವಾಯಿತು.

"ದುಡ್ಡಿನ ಬಸ್ಸು ಯಾಕೆ ಬಿಡೇ. ಹಿಂದೇನೇ ಕೆಂಪು ಬಸ್ಸು ಐತೆ. ನೇರ ಹೋಗ್ತೈತಂತೆ, ಕಂಡಕ್ಟರೇ ಹೇಳ್ದ."

ಯಾವ ಕಂಡಕ್ಟರೂ ಹೇಳಿರಲಿಲ್ಲ. ಆ ಹೊತ್ತಿನ ಕೆಂಪು ಬಸ್ಸು ನ್ಯಾಮತಿ ಸುತ್ತಿ ಹೋಗುತ್ತದೆ, ಅಲ್ಲಿ ತಿಂಡಿಗೆ ಅಂತ ನಿಂತರೆ ಏಳುವುದಿಲ್ಲ ಎನ್ನುವುದು ರುದ್ರಾಣಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ವರ್ಷ ಅದೇ ಬಸ್ಸು ನಂಬಿ ಹೊನ್ನಾಳಿಯ ಮದುವೆಗೆ ಹೋಗಿ, ಮುಹೂರ್ತ ಮುಗಿದು ಜನ ಕೈ ತೊಳೆಯುವಾಗ ತಲುಪಿದ್ದಳು.

ಖಾಸಗಿ ಬಸ್ಸು ಹೋಯಿತು. ಕೆಂಪು ಬಸ್ಸು ಬಂತು. ಅದರ ಹಣೆಯ ಮೇಲೆ ನ್ಯಾಮತಿ, ಅದರ ಕೆಳಗೆ ಹೊನ್ನಾಳಿ ಎಂದು ದಪ್ಪಗೆ ಬರೆದಿತ್ತು. ಶಾಂತಾದೇವಿ ಒಮ್ಮೆ ಬಸ್ಸನ್ನು ನೋಡಿದಳು, ಒಮ್ಮೆ ಗೆಳತಿಯನ್ನು ನೋಡಿದಳು.

"ಇದೇನಾ ರುದ್ರಿ?"

"ಇದೇ. ಹತ್ತು."

ಶಾಂತಾದೇವಿ ಹತ್ತಿದಳು.

ಮೊದಲ ಅರ್ಧ ಗಂಟೆ ರುದ್ರಾಣಿಗೆ ಒಂಥರಾ ತಣ್ಣಗೆ ಸುಖವಾಗಿತ್ತು. ಒಂದೇ ಒಂದು ಪರೀಕ್ಷೆ ತಪ್ಪಿದರೆ ಏನಾಗುತ್ತದೆ? ತಾನೂ ಎರಡು ಸಲ ಬಿದ್ದವಳಲ್ಲವೇ, ಸತ್ತಳೇ? ಇವಳೂ ಒಂದು ಸಲ ಬೀಳಲಿ, ಬಿದ್ದವಳ ಸಂಕಟ ಗೊತ್ತಾಗಲಿ. ಹೀಗೆ ತನ್ನ ಮನಸ್ಸಿಗೆ ತಾನೇ ತುಪ್ಪ ಸವರುತ್ತಿದ್ದಳು. ಅಷ್ಟರಲ್ಲಿ ಶಾಂತಾದೇವಿ ಪುಸ್ತಕ ತೆರೆದು ಅವಳ ತೊಡೆಯ ಮೇಲಿಟ್ಟಳು.

"ಇದೊಂದು ನನಗೆ ಹಿಡಿತಾ ಇಲ್ಲ ಕಣೇ. ನೀನು ಪಾಸಾದೋಳು, ನೋಡಿ ಹೇಳು."

ಇಷ್ಟು ದಿನ ಕಾದಿದ್ದ ಮಾತು ಬಂದಿತ್ತು. ರುದ್ರಾಣಿ ಕನ್ನಡಕ ಇಳಿಸಿದಳು, ಏರಿಸಿದಳು. ತ್ರಿಭುಜವೊಂದು ಅವಳನ್ನೇ ನೋಡುತ್ತಿತ್ತು. ಅವಳಿಗೆ ಒಂದಕ್ಷರವೂ ಹತ್ತಲಿಲ್ಲ. "ನಮ್ಮ ಕಾಲದ ಸಿಲಬಸ್ಸೇ ಬೇರೆ," ಎಂದಳು.

"ಇರು, ಇಬ್ರೂ ಸೇರಿ ನೋಡಾಣ," ಎಂದು ಶಾಂತಾದೇವಿ ಬೆರಳಿಟ್ಟು ಒಂದೊಂದೇ ಸಾಲು ಬಿಡಿಸುತ್ತಾ ಹೋದಳು. ಬಿಡಿಸುತ್ತಾ ಅವಳಿಗೇ ಹೊಳೆಯಿತು. "ಬಂತು ನೋಡೇ!" ಎಂದು ರುದ್ರಾಣಿಯ ತೊಡೆ ತಟ್ಟಿ, ಎದುರು ಜಗುಲಿಯಲ್ಲಿ ನಕ್ಕ ಹಾಗೇ ನಕ್ಕಳು. ಆ ನಗು ಈ ಸಲ ರುದ್ರಾಣಿಯ ಪಾಲಿಗೆ ಬಂದಿತ್ತು. ಆಶ್ಚರ್ಯವೆಂದರೆ, ಅವಳಿಗೂ ಆ ಲೆಕ್ಕ ಅರ್ಥವಾಗಿತ್ತು. ಮೂವತ್ತು ವರ್ಷದ ಹಿಂದೆ ಯಾರೂ ಅವಳಿಗೆ ಹೀಗೆ ಬೆರಳಿಟ್ಟು ಹೇಳಿರಲಿಲ್ಲ. ಅಲ್ಲಿಂದ ಮುಂದೆ ಅವಳು ಪುಸ್ತಕ ಬಿಟ್ಟು ಕಿಟಕಿಯಾಚೆಯ ದಾರಿಯನ್ನೇ ನೋಡತೊಡಗಿದಳು. ಹೇಳಿಬಿಡಲೇ ಅಂದುಕೊಂಡಳು. ಮುಂದಿನ ಊರಲ್ಲಿ ಹೇಳೋಣ ಅಂದುಕೊಂಡಳು. ಊರುಗಳು ಬಂದವು, ಹೋದವು.

ನ್ಯಾಮತಿಯಲ್ಲಿ ಬಸ್ಸು ನಿಂತಿತು. ಡ್ರೈವರು ಕಂಡಕ್ಟರು ಇಬ್ಬರೂ ಮಂಡಕ್ಕಿ ಮಿರ್ಚಿ ಅಂಗಡಿಗೆ ಹೊಕ್ಕರು. ಗಡಿಯಾರ ನೋಡಿದ ರುದ್ರಾಣಿಗೆ ಕೂರಲಾಗಲಿಲ್ಲ. ಇಳಿದು ಓಡಿದಳು. "ಪರೀಕ್ಷೆ ಐತ್ರೀ, ಎದ್ದೇಳ್ರಿ!" ಎಂದು ಅಂಗಡಿಯೊಳಗೆ ನುಗ್ಗಿ ಕಂಡಕ್ಟರನ ಮೇಲೆ ಹರಿಹಾಯ್ದಳು. "ತಿನ್ನಾಕೂ ಬಿಡಲ್ವಲ್ಲಮ್ಮ, ಅರ್ಜೆಂಟಿದ್ರೆ ನೇರ ಬಸ್ಸಿಗೆ ಬರಬೇಕಿತ್ತು," ಎಂದ ಅವನು. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ. ಅವಳು ರಸ್ತೆಗೆ ಬಂದು ಕಂಡಕಂಡ ಗಾಡಿಗೆಲ್ಲ ಕೈ ಅಡ್ಡ ಹಿಡಿದಳು. ಬಹಳ ಹೊತ್ತಿನ ಮೇಲೆ ಎಲೆಕೋಸು ತುಂಬಿದ್ದ ಪುಟ್ಟ ಲಗೇಜು ಗಾಡಿಯೊಂದು ನಿಂತಿತು. ಮಾಲತೇಶ್ ಎನ್ನುವ ಆ ಡ್ರೈವರು ಇಬ್ಬರನ್ನೂ ಮುಂದೆ ತುರುಕಿಕೊಂಡು ಹೊನ್ನಾಳಿಯ ಕಡೆ ಎದ್ದುಬಿದ್ದು ಓಡಿಸಿದ. ದಾರಿಯುದ್ದಕ್ಕೂ ರುದ್ರಾಣಿ ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೊತ್ತಳು. ಶಾಂತಾದೇವಿ ಪುಸ್ತಕ ಮುಚ್ಚಿ ಕೂತಿದ್ದಳು.

ಗೇಟು ಹಾಕಿಯಾಗಿತ್ತು. ಕಾವಲಿನ ದಾಸಪ್ಪ ಒಳ್ಳೆಯವನೇ, ಮರುಗಿದ. "ಈಗಷ್ಟೇ ಹಾಕಿದೆ ಕಣ್ರವ್ವ. ಒಳಗೆ ಬಿಟ್ರೆ ನನ್ನ ಕೆಲಸ ಹೋಗ್ತೈತೆ." ರುದ್ರಾಣಿ ಅವನ ಕಾಲಿಗೆ ಬೀಳಲು ಹೋದಳು, ಅವನು ಹಿಂದೆ ಸರಿದ.

ಇಬ್ಬರೂ ಹೊಂಗೆ ಮರದ ಕೆಳಗೆ ಕೂತರು. ರುದ್ರಾಣಿಗೆ ಸುಮ್ಮನಿರಲು ಧೈರ್ಯವಾಗಲಿಲ್ಲ. "ಈ ಕೆಂಪು ಬಸ್ಸಿನೋರ ಮನೆ ಹಾಳಾಗ! ನೇರ ಅಂತ ಹೇಳಿ ಸುತ್ತು ಹಾಕಿಸ್ತಾರೆ. ಆ ಕಂಡಕ್ಟರು..."

"ಸಾಕು ಬಿಡೇ," ಎಂದಳು ಶಾಂತಾದೇವಿ. "ಬೋರ್ಡು ನಾನೂ ಓದಿದ್ದೆ."

ರುದ್ರಾಣಿ ಮಡಿಲಲ್ಲಿದ್ದ ಡಬ್ಬಿಯನ್ನು ಪಕ್ಕಕ್ಕಿಟ್ಟಳು. "ಮತ್ಯಾಕೆ ಹತ್ತಿದೆ?" ಎಂದಳು.

"ನೀನು ಹೇಳ್ತೀಯ ಅಂತ. ಬಸ್ಸು ಹೊರಡೋದ್ರೊಳಗೆ, ಇಳಿಯೇ ಇದಲ್ಲ ಅಂತೀಯ ಅಂದ್ಕಂಡೆ. ಆಮ್ಯಾಲೆ ಮುಂದಿನ ಊರಿನಾಗೆ ಹೇಳ್ತಾಳೆ ಅಂದ್ಕಂಡೆ. ನ್ಯಾಮತಿ ಬರೋತನಕ ಕಾದೆ ಕಣೇ ರುದ್ರಿ. ಪರೀಕ್ಷೆ ಮುಂದಿನ ತಿಂಗಳೂ ಇರ್ತೈತೆ. ನಿನ್ನನ್ನ ನೋಡ್ಬೇಕಿತ್ತು ನನಗೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರುದ್ರಾಣಿ ಜಗಳವಾಡಿ ಬದುಕಿಕೊಳ್ಳುತ್ತಿದ್ದಳು. ಡಬ್ಬಿಯ ಮೊಸರನ್ನವನ್ನು ಯಾರೂ ಮುಟ್ಟಲಿಲ್ಲ.

ಸಂಜೆ ಓಣಿಗೆ ಕಾಲಿಟ್ಟಾಗ ರೂಪಶ್ರೀ ಬಾಗಿಲಲ್ಲೇ ಕಾಯುತ್ತಿದ್ದಳು. ಜಗುಲಿಗಳ ಮೇಲೆ ಜನವಿತ್ತು, ನಾಗರಾಜಪ್ಪನೂ ಇದ್ದ.

"ಹೆಂಗಾಯ್ತು ಅತ್ತೆ? ಎಲ್ಲಾ ಬಿಡಿಸಿದ್ರಾ?"

"ಬರಿಯಾಕೆ ಆಗ್ಲಿಲ್ಲ," ಎಂದಳು ಶಾಂತಾದೇವಿ. "ದಾರಿನಾಗೆ ಬಸ್ಸು ಕೆಟ್ಟೋಯ್ತು."

ಅಯ್ಯೋ ಎಂದು ಓಣಿಯೆಲ್ಲ ಲೊಚಗುಟ್ಟಿತು. ರುದ್ರಾಣಿ ತನ್ನ ಮನೆಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಒಳಗೆ ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಎಸ್ಸೆಸ್ಸೆಲ್ಸಿ ರುದ್ರಾಣಿ ಎಸ್ಸೆಸ್ಸೆಲ್ಸಿ ರುದ್ರಾಣಿಯಾಗಿಯೇ ಉಳಿಯುತ್ತಿದ್ದಳು. ಅವಳು ಕಾಲು ಕೆಳಗಿಳಿಸಿದಳು.

"ಬಸ್ಸೇನೂ ಕೆಡ್ಲಿಲ್ಲ, ರೂಪ. ನಾನೇ ಸುತ್ತಿನ ಬಸ್ಸು ಹತ್ತಿಸಿದೆ. ಗೊತ್ತಿದ್ದೇ ಹತ್ತಿಸಿದೆ. ನಿಮ್ಮತ್ತೆ ಪಾಸಾಗಬಾರ್ದು ಅಂತ."

ನಾಗರಾಜಪ್ಪ ಎದ್ದು ನಿಂತ. ರೂಪಶ್ರೀಯ ಮುಖ ಕೆಂಪಗಾಯಿತು, ಏನೋ ಹೇಳಲು ಬಾಯಿ ತೆರೆದಳು. ಶಾಂತಾದೇವಿ ಸೊಸೆಯ ಕೈ ಹಿಡಿದು ತಡೆದಳು. ತಾನೂ ಗೆಳತಿಯ ಕಡೆ ಬರಲಿಲ್ಲ. ಹೊಸ್ತಿಲ ಮೇಲೆ ನಿಂತೇ ಹೇಳಿದಳು.

"ನಾಡಿದ್ದು ವಿಜ್ಞಾನ ಐತೆ. ಏಳು ಗಂಟಿಗೇ ಬಾ."

ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಓಣಿಯ ಕಣ್ಣೆಲ್ಲ ತನ್ನ ಮೇಲಿರುವಾಗ ರುದ್ರಾಣಿ ಅಲ್ಲೇ ನಿಂತಿದ್ದಳು. ಅಳು ಬಂತು. ಅಳುವಿನ ಜೊತೆಗೇ, ಕೆಟ್ಟ ಚಾಳಿ ನೋಡಿ, ಮತ್ತೆ ಹೊಟ್ಟೆಕಿಚ್ಚಾಯಿತು. ಬಾ ಎನ್ನುವ ಆ ಮಾತು ತನ್ನ ಬಾಯಿಂದ ಆದರೆ ಬರುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.